ಹಿಮ್ಮುಖವಾಗಿ ಗುಡ್ಡ ಹತ್ತಿದ ಗಿರಣಿ ಎಲಾದಿಯೋ

ದೇವರು ಮನುಷ್ಯನಿಗೆ ಮೊಣಕಾಲು ಕೊಟ್ಟದ್ದು ಊರಿ ಪ್ರಾರ್ಥಿಸುವುದಕ್ಕೆ ಎಂದು ನಮ್ಮ ಪಾದ್ರಿಗಳು ಹೇಳುತ್ತಾರೆ. ಓಡುವುದಕ್ಕೆ ಎಂದು ನಮ್ಮ ಸಾನ್ ಗಾಸ್ಪಾರಿನ ಗಂಡಸರು ಹೇಳುತ್ತಾರೆ. ಇಗರ್ಜಿಯ ಗಂಟೆ ಹೊಡೆಯುವ ನನಗೆ ಗೋಪುರದ ಮೇಲಿಂದ ಊರುವವರೂ ಕಾಣುತ್ತಾರೆ, ಓಡುವವರೂ ಕಾಣುತ್ತಾರೆ. ಇಬ್ಬರ ಮಾತೂ ನಿಜವೆಂದೇ ತೋರುತ್ತದೆ. ಮದುವೆ ಮನೆಯಲ್ಲಿ ಎಗರುವುದಕ್ಕೆ ಕೊಟ್ಟನೆಂದು ಮಾತ್ರ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಗಿರಣಿ ಎಲಾದಿಯೋ ಇದನ್ನು ಸ್ವಲ್ಪ ಮೊದಲೇ ಯೋಚಿಸಿದ್ದರೆ ಈ ಕಥೆಗೆ ಕಾರಣವೇ ಇರುತ್ತಿರಲಿಲ್ಲ.

ಡಿಸೆಂಬರಿನಲ್ಲಿ ನಮ್ಮ ದೇವಮಾತೆಯ ಹಬ್ಬ. ರಾಜಧಾನಿಯ ದೊಡ್ಡ ದೇಗುಲದಲ್ಲಿ ಹೊತ್ತಿಸಿದ ಪಂಜು ಊರಿಂದ ಊರಿಗೆ, ಕೈಯಿಂದ ಕೈಗೆ ಓಡುತ್ತಲೇ ಬರುತ್ತದೆ. ನಮ್ಮೂರಿನ ಕೊನೆಯ ಏರು, ಸಂತೆಮಾಳದಿಂದ ಗುಡ್ಡದ ಮೇಲಿನ ಇಗರ್ಜಿಯ ಬಾಗಿಲವರೆಗೆ, ಒಬ್ಬನ ಪಾಲಿನದು. ಆ ಒಬ್ಬ ಎಲಾದಿಯೋ. ಅವನಿಗಿಂತ ಮುಂಚೆ ಅವನಪ್ಪ. ಒಂದು ವರ್ಷ ಕೈಬಿಟ್ಟರೆ ಮುಗಿಯಿತು, ಪಂಜು ಇನ್ನೊಂದು ಮನೆಯ ಪಾಲು, ಮತ್ತೆ ಮರಳುವುದಿಲ್ಲ. ಆ ಇನ್ನೊಂದು ಮನೆ ಯಾವುದೆಂದು ಯಾರೂ ಹುಡುಕಬೇಕಾಗಿರಲಿಲ್ಲ. ಎಲಾದಿಯೋನ ಹೆಂಡತಿ ಓತಿಲಿಯಾಳ ಅಣ್ಣ, ಕಸಾಯಿ ಫಿದೆನ್ಸಿಯೋ, ತಪ್ಪಿಸಿಕೊಂಡ ಹಂದಿಗಳ ಹಿಂದೆ ವರ್ಷವಿಡೀ ಓಡಿ ಕಾಲುಗಳನ್ನು ಕಬ್ಬಿಣ ಮಾಡಿಕೊಂಡಿದ್ದ. ಪ್ರತಿ ಹಬ್ಬದಲ್ಲೂ ಗುಡ್ಡದ ಬುಡದಲ್ಲಿ ನಿಂತು, “ಭಾವಾ, ಸುಸ್ತಾದ್ರೆ ಒಂದು ಕೂಗು ಹಾಕು, ನಾನಿಲ್ಲೇ ಇರ್ತೀನಿ” ಎನ್ನುತ್ತಿದ್ದ. ಅದನ್ನು ಪ್ರೀತಿಯಿಂದಲೇ ಹೇಳುತ್ತಿದ್ದ. ಪ್ರೀತಿಯಿಂದ ಹೇಳಿದ ಮಾತಿಗೆ ಉತ್ತರ ಕೊಡುವುದು ಕಷ್ಟ.

ಆ ವರ್ಷ ಫಿದೆನ್ಸಿಯೋನ ಮಗಳ ಮದುವೆ. ಊಟವಾಗಿತ್ತು, ಬ್ಯಾಂಡಿನವರು ಹುಮ್ಮಸ್ಸಿನಲ್ಲಿದ್ದರು, ಹುಡುಗರು ಕುಣಿಯುತ್ತಿದ್ದರು. ಐವತ್ತರ ಅಂಚಿನ ಎಲಾದಿಯೋ ಎದ್ದು ನಿಂತು, “ಇದೇನ್ರೋ ಕುಣಿತ, ಕೋಳಿ ತಿಪ್ಪೆ ಕೆರೆದ ಹಾಗೆ! ಸರಿಯಿರಿ ಅತ್ಲಾಗೆ” ಎಂದು ಬೀಗರ ಎದುರಿಗೇ ಒಂದು ನೆಗೆತ ನೆಗೆದ. ಮೇಲೆ ಹೋದವನು ಓಟಗಾರ. ಕೆಳಗೆ ಬಂದವನು ರೋಗಿ. ಮಂಡಿಯೊಳಗೆ ಹಸಿ ಕಡ್ಡಿ ಮುರಿದಂಥ ಸದ್ದಾಯಿತಂತೆ. ಆದರೂ ಮಾನವಂತ, ಹಲ್ಲು ಕಚ್ಚಿ, ನಗುತ್ತ, ಆ ಹಾಡು ಮುಗಿಯುವವರೆಗೂ ಒಂದೇ ಕಾಲಿನಲ್ಲಿ ಕುಣಿದ. ಜನ ಅದನ್ನು ಹೊಸ ಕುಣಿತವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಪಟ್ಟಣದ ವೈದ್ಯರು ಮಂಡಿಯೊಳಗಿನ ಮೆತ್ತೆ ಹರಿದಿದೆ, ಕೊಯ್ಯಬೇಕು ಎಂದರು. ಎಲಾದಿಯೋ ಹೆಂಡತಿಯ ಕೈಹಿಡಿದು ಆಣೆ ಹಾಕಿಸಿಕೊಂಡ. “ಓತಿಲಿಯಾ, ಇದು ನಿಮ್ಮಣ್ಣನ ಕಿವಿಗೆ ಬಿದ್ರೆ ಪಂಜು ಹೋಯ್ತು ಅಂತ್ಲೇ ಲೆಕ್ಕ. ಬಾಯಿ ಬಿಡಬೇಡ.”

“ಊರವರು ಕೇಳಿದ್ರೆ ಏನನ್ಲಿ? ಗಿರಣಿಗೆ ಬೀಗ ಹಾಕಿ ಎಲ್ಲಿಗೆ ಹೋದ ಅಂತಾರೆ.”

“ಬೀಸೋ ಕಲ್ಲು ಮೊಂಡಾಗಿದೆ, ಉಳಿ ಹಾಕಿಸೋಕೆ ಹೋಗಿದಾನೆ ಅನ್ನು.”

ಸುಳ್ಳಾದರೂ ಅವನದು ಪ್ರಾಮಾಣಿಕವಾದ ಸುಳ್ಳು. ಬೀಸುವ ಕಲ್ಲನ್ನು ನಿಜವಾಗಿಯೂ ಲಾರಿಗೆ ಏರಿಸಿಕೊಂಡೇ ಹೋದ. ಅವನು ಆಸ್ಪತ್ರೆಯಲ್ಲಿ ಮಲಗಿದ್ದಷ್ಟು ದಿನವೂ ಕಲ್ಲು ಗೇಟಿನ ಕಾವಲುಗಾರನ ಪಕ್ಕದಲ್ಲಿ ಕೂತಿತ್ತು. ಇಬ್ಬರೂ ಒಂದೇ ಲಾರಿಯಲ್ಲಿ ವಾಪಸಾದರು. ಕಲ್ಲು ಹೋದ ಹಾಗೆಯೇ ಬಂತು. ಎಲಾದಿಯೋ ಕುಂಟುತ್ತ ಬಂದ.

ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಬಕೆಟ್ಟು ಹೊತ್ತು ಮೊದಲ ದಿನವೇ ಬಂದವಳು ರೊಟ್ಟಿ ಅಂಗಡಿಯ ಪೆತ್ರೋನಿಲಾ. ಹಿಟ್ಟನ್ನು ಬೆರಳಲ್ಲಿ ಹೊಸಕಿ ನೋಡಿದಳು. “ಈ ಕಲ್ಲಿಗೆ ಅದೇನು ಮಾಡಿಸ್ಕೊಂಡು ಬಂದ್ಯಪ್ಪಾ? ಮೊದ್ಲಿಗಿಂತ ಮೊಂಡಾಗಿದೆಯಲ್ಲ!”

“ಹೊಸ ಥರದ ಉಳಿ ಪೆತ್ರೋನಿಲಕ್ಕಾ. ಗುಣ ನಿಧಾನಕ್ಕೆ ಗೊತ್ತಾಗುತ್ತೆ.”

“ಕಾಲು ಯಾಕೆ ಕುಂಟ್ತೀಯ?”

“ಕಲ್ಲು ಇಳಿಸೋವಾಗ ಉಳುಕ್ತು.”

“ಕಲ್ಲೂ ಕೆಡ್ತು, ಕಾಲೂ ಕೆಡ್ತು. ಒಳ್ಳೇ ಪ್ರಯಾಣ ಮಾಡಿದ್ಯಪ್ಪಾ” ಎಂದು ಅವಳು ಬಕೆಟ್ಟೆತ್ತಿಕೊಂಡು ಹೋದಳು.

ಅಂದಿನಿಂದ ಎಲಾದಿಯೋ ವಾರಕ್ಕೊಮ್ಮೆ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗತೊಡಗಿದ. ಅಲ್ಲಿ ಫಿಸಿಯೋಥೆರಪಿಯ ಯಾದಿರಾ ಎಂಬ ಹೆಣ್ಣುಮಗಳಿದ್ದಳು. ಗುಬ್ಬಿಯಂಥ ದೇಹ, ಜೇನಿನಂಥ ಮಾತು, ಇಕ್ಕಳದಂಥ ಕೈ. ಹಿರಿಯರನ್ನು ಮರ್ಯಾದೆಗೆ ‘ದೋನ್’ ಸೇರಿಸಿಯೇ ಕರೆಯುವಳು.

“ದೋನ್ ಎಲಾದಿಯೋ, ಮಂಡಿ ಇನ್ನೊಂಚೂರು ಮಡಚಬೇಕು.”

“ಅದು ಮಡಚಲ್ಲಮ್ಮಾ. ಅದರ ಸ್ವಭಾವ ನಂಗೊತ್ತು.”

“ಮಡಚುತ್ತೆ. ನೀವು ಅಳ್ತಾ ಇರಿ, ನಾನು ಮಡಚ್ತಾ ಇರ್ತೀನಿ.”

ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು. ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂರುವುದನ್ನು, ದಿಂಬಿನ ಮೇಲೆ ಒಂಟಿ ಕಾಲಲ್ಲಿ ನಿಲ್ಲುವುದನ್ನು ಅವನು ಕಲಿತ. ಗಿರಣಿಯಲ್ಲಿ ಕೊಕ್ಕರೆಯಂತೆ ನಿಂತು ಹಿಟ್ಟು ತೂಗುವುದನ್ನು ಕಂಡ ಹೆಂಗಸರು ಅದೂ ಹೊಸ ಉಳಿಯ ಗುಣವಿರಬೇಕೆಂದು ಸುಮ್ಮನಾದರು. ಮಂಡಿಯ ಬಾವು ಇಳಿಯಿತು. ಎಲಾದಿಯೋ, “ಇನ್ನು ಓಡ್ಲಾ?” ಎಂದು ಕೇಳಿದ. ಪ್ರತಿ ವಾರವೂ ಅವನು ಕೇಳುತ್ತಿದ್ದುದು ಅದೊಂದನ್ನೇ.

“ಇನ್ನೂ ಇಲ್ಲ. ಕೊಯ್ದ ಕಾಲಿಗೆ ಇನ್ನೊಂದು ಕಾಲಿನಷ್ಟು ಬಲ ಬರಲಿ. ಈಗ ಒಂದು ಏರು ಹುಡುಕ್ಕೊಂಡು ಹತ್ತಿ. ಹಿಮ್ಮುಖವಾಗಿ.”

“ಹಿಮ್ಮುಖವಾಗಿ ಅಂದ್ರೆ?”

“ಹಿಂದೆ ಹಿಂದೆ ಹೆಜ್ಜೆ ಇಟ್ಕೊಂಡು. ತೊಡೆ ಗಟ್ಟಿಯಾಗುತ್ತೆ, ಮಂಡಿ ಮೇಲೆ ಭಾರ ಕಡಿಮೆ.”

“ಊರವರು ನೋಡಿದ್ರೆ?”

“ನೋಡಲಿ ಬಿಡಿ. ನೋಡೋದ್ರಿಂದ ಅವರ ಮಂಡಿ ಸವೆಯಲ್ಲ.”

ಆ ತಾಯಿ ಪಟ್ಟಣದವಳು. ನೋಡುವುದರಿಂದ ಏನೇನು ಸವೆಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ನಮ್ಮೂರಿನಲ್ಲಿ ಏರೆಂದು ಇರುವುದು ಇಗರ್ಜಿಯ ಗುಡ್ಡ ಒಂದೇ. ಮಧ್ಯಾಹ್ನದ ಊಟ ಮುಗಿಸಿ ಊರು ಬಾಗಿಲಿಕ್ಕಿಕೊಂಡು ಮಲಗುವ ಹೊತ್ತನ್ನು ಎಲಾದಿಯೋ ಆರಿಸಿಕೊಂಡ. ಗುಡ್ಡದ ಬುಡಕ್ಕೆ ಬಂದು ಅತ್ತಿತ್ತ ನೋಡಿ, ಇಗರ್ಜಿಗೆ ಬೆನ್ನು ತಿರುಗಿಸಿ, ಒಂದೊಂದೇ ಹೆಜ್ಜೆಯಾಗಿ ಹಿಂದೆ ಹಿಂದೆ ಏರತೊಡಗಿದ. ಊರೆಲ್ಲ ಮಲಗಿತ್ತು, ನಿಜ. ಆದರೆ ದಾರಿಯ ಬದಿಯಲ್ಲಿ ಮೇಣದಬತ್ತಿ ಮಾರುವ ಅಜ್ಜಿ ದೋನ್ಯಾ ಚೋನಾ, ಗಂಡ ತೀರಿಕೊಂಡ ಮೇಲೆ ಹಗಲು ಮಲಗಿದವಳೇ ಅಲ್ಲ.

“ಯಾಕೋ ಎಲಾದಿಯೋ, ಏನೋ ಇದು?” ಎಂದಳು.

ಎಲಾದಿಯೋ ಬಾಯಿ ತೆರೆದ. ನಿಜ ಹೇಳಿದರೆ ಪಂಜು ಹೋಗುತ್ತದೆ. ಸುಳ್ಳು ಹೇಳೋಣವೆಂದರೆ ಇಗರ್ಜಿಯ ಎದುರು ನಿಂತಿದ್ದಾನೆ, ಅದೂ ಬೆನ್ನು ಹಾಕಿ. ಅದೇ ಗಳಿಗೆಯಲ್ಲಿ ನಾನು ಮೂರರ ಗಂಟೆ ಹೊಡೆದೆ. ಬೇರೇನೂ ತೋಚದೆ ಅವನು ಹಣೆಗೆ, ಎದೆಗೆ, ಭುಜಗಳಿಗೆ ಶಿಲುಬೆಯ ಗುರುತು ಹಾಕಿಕೊಂಡು ಮತ್ತೊಂದು ಹೆಜ್ಜೆ ಹಿಂದಿಟ್ಟ.

ಚೋನಾ ತಟ್ಟನೆ ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಳು. ಅವಳಿಗೆ ಅರ್ಥವಾಗಿಬಿಟ್ಟಿತ್ತು: ಹರಕೆ!

ಹರಕೆ ಹೊತ್ತವನನ್ನು “ಯಾತಕ್ಕೆ?” ಎಂದು ಕೇಳುವುದು ನಮ್ಮಲ್ಲಿ ಮಹಾ ಅಪಚಾರ. ಕೇಳಿದರೆ ಹರಕೆ ಮುರಿಯುತ್ತದೆ, ಮುರಿದ ಪಾಪ ಕೇಳಿದವರಿಗೇ ತಟ್ಟುತ್ತದೆ. ಊಹಿಸುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಮರುದಿನ ಬೆಳಗಾಗುವುದರೊಳಗೆ ಗಿರಣಿಯ ಬಾಗಿಲಲ್ಲಿ ಬಕೆಟ್ಟುಗಳ ಸಾಲಿಗಿಂತ ಊಹೆಗಳ ಸಾಲು ಉದ್ದವಾಗಿತ್ತು.

“ಮಂಡಿಯೂರಿ ಹೋಗೋರನ್ನ ಕಂಡಿದೀನಿ, ಮುಳ್ಳಿನ ಕಳ್ಳಿ ಎದೆಗೆ ಕಟ್ಕೊಂಡೋರನ್ನ ಕಂಡಿದೀನಿ. ಮಾತೆಗೆ ಬೆನ್ನು ತೋರಿಸ್ಕೊಂಡು ಹೋಗೋರನ್ನ ಈ ಕಣ್ಣು ಕಂಡಿರ್ಲಿಲ್ಲ” ಎಂದಳು ಚೋನಾ.

“ಬೆನ್ನು ತೋರಿಸೋದಲ್ಲ ಕಣೇ ಅಜ್ಜಿ, ಮುಖ ತೋರಿಸೋಕೆ ಆಗ್ತಿಲ್ಲ. ಅಂಥಾದ್ದೇನೋ ಮಾಡಿದಾನೆ” ಎಂದಳು ಪೆತ್ರೋನಿಲಾ.

ಎಲ್ಲರೂ ಒಟ್ಟಿಗೆ ಓತಿಲಿಯಾಳ ಕಡೆ ನೋಡಿದರು. ಅವಳು ಜರಡಿಯ ಕಡೆ ನೋಡಿದಳು.

ಊಹೆಗೆ ಕೈಕಾಲು ಕೊಟ್ಟವನು ಫಿದೆನ್ಸಿಯೋ. ಚೂರಿ ಸಾಣೆ ಹಿಡಿಸಲು ಪಟ್ಟಣಕ್ಕೆ ಹೋಗಿದ್ದವನು ಬಸ್ಸಿಳಿದು ನೇರ ತಂಗಿಯ ಬಳಿಗೆ ಬಂದ, ಮುಖ ಹಸಿ ಇಟ್ಟಿಗೆಯಂತಾಗಿತ್ತು.

“ಓತಿಲಿಯಾ, ಕೂತ್ಕೋ.”

“ಹಿಟ್ಟು ಹಾಳಾಗುತ್ತೆ, ನಿಂತೇ ಕೇಳ್ತೀನಿ ಹೇಳಣ್ಣಾ.”

“ಪಟ್ಟಣದಲ್ಲಿ ನಿನ್ನ ಗಂಡನ್ನ ಬೀದಿ ಬದಿ ಒಂದು ಕಿಟಕೀಲಿ ನೋಡ್ದೆ. ಮೇಜಿನ ಮೇಲೆ ಮಲಗಿದ್ದ. ಒಂದು ಹುಡುಗಿ ಅವನ ಕಾಲು ಹಿಡ್ಕೊಂಡಿದ್ಲು.”

“ಆಮೇಲೆ?”

“ಆಮೇಲೇನು, ಅವನು ‘ಬೇಡ ತಾಯೀ, ಬಿಟ್ಬಿಡು, ಮನೇಲಿ ಹೆಂಡ್ತಿ ಇದಾಳೆ’ ಅಂತ ಗೊಳೋ ಅಂತಿದ್ದ. ಅವಳು ನಗ್ತಾ ಇದ್ಲು! ಕೊನೇ ಪಕ್ಷ ಪಶ್ಚಾತ್ತಾಪ ಇದೆ ಅನ್ನು ಅವನಿಗೆ.”

ಓತಿಲಿಯಾ ಸೊಂಟದ ಏಪ್ರನ್ ಎತ್ತಿ ಮುಖಕ್ಕೆ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಭುಜಗಳು ಕುಲುಕಿದವು. ನೆರೆದ ಹೆಂಗಸರು ಕಣ್ಣೊರೆಸಿಕೊಂಡು ಅವಳ ಬೆನ್ನು ಸವರಿದರು. ಆ ಪುಣ್ಯವತಿ ನಗು ತಡೆಯುತ್ತಿದ್ದಾಳೆಂದು ಯಾರಿಗೆ ಗೊತ್ತಾಗಬೇಕು? ಹಾಕಿದ ಆಣೆ ದೊಡ್ಡದು. ಆ ವಾರವೆಲ್ಲ ಅವಳಿಗೆ ಮನೆಮನೆಯಿಂದ ಸಾರು, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ, ಬಿಸಿ ಅತೋಲೆ ಗಂಜಿ ಬಂದವು. ನೊಂದ ಹೆಂಗಸು ಒಲೆ ಹಚ್ಚಬಾರದೆಂದು. ಎಲಾದಿಯೋ ಅದನ್ನೆಲ್ಲ ಪಾಲು ಹಂಚಿಕೊಂಡು ತಿಂದು, ಪಾಪಪ್ರಜ್ಞೆಯಿಂದ ಇನ್ನೊಂದು ಸುತ್ತು ಗುಡ್ಡ ಹತ್ತುತ್ತಿದ್ದ.

ಈ ಹೊತ್ತಿಗೆ ಅವನು ನಿಲ್ಲಿಸುವ ಹಾಗೂ ಇರಲಿಲ್ಲ. ಅರ್ಧಕ್ಕೆ ಬಿಟ್ಟ ಹರಕೆ ಹೊರದ ಹರಕೆಗಿಂತ ಕೆಟ್ಟದ್ದು. ಮೇಲಾಗಿ ಅಷ್ಟರಲ್ಲಿ ಪವಾಡವೂ ನಡೆದುಹೋಯಿತು. ಪೆತ್ರೋನಿಲಾಳ ಟರ್ಕಿ ಕೋಳಿ ಕಳೆದುಹೋಗಿತ್ತು, ಹಬ್ಬದ ಅಡುಗೆಗೆಂದು ಸಾಕಿದ್ದು. ಅವಳು ಮನಸ್ಸಿನಲ್ಲಿ ಬೇಡಿಕೊಂಡು ಹಿಮ್ಮುಖವಾಗಿ ಗುಡ್ಡ ಹತ್ತಲು ಹೊರಟು, ಅರ್ಧ ದಾರಿಯಲ್ಲಿ ಏನನ್ನೋ ಎಡವಿ ಕುಂಡಿಯ ಮೇಲೆ ಬಿದ್ದಳು. ಎಡವಿದ್ದು ಅದೇ ಕೋಳಿಯನ್ನು.

“ಹರಕೆ ಮುಗಿಯೋಕೂ ಮುಂಚೆ ಕಾಲಿಗೇ ತಂದು ಹಾಕಿದ್ಲಲ್ಲೇ ತಾಯಿ!” ಎಂದು ಕೋಳಿಯನ್ನು ಅವುಚಿಕೊಂಡು ಊರೆಲ್ಲ ಸಾರಿದಳು. ಮರುದಿನ ಮಧ್ಯಾಹ್ನ ನಮ್ಮೂರಿನಲ್ಲಿ ಯಾರೂ ಮಲಗಲಿಲ್ಲ. ಗೋಪುರದಿಂದ ನೋಡಿದರೆ ಗುಡ್ಡದ ತುಂಬ ಬೆನ್ನುಗಳು. ಬೆನ್ನುಗಳು ಮೇಲೇರಿ ಬರುತ್ತಿದ್ದವು. ಮುಖಗಳು ಊರಿನ ಕಡೆಗೆ. ಭಾವನಿಗಿಂತ ಭಕ್ತಿಯಲ್ಲಿ ಹಿಂದೆ ಬೀಳಬಾರದೆಂದು ಫಿದೆನ್ಸಿಯೋನೂ ಹಂದಿಮರಿಯೊಂದನ್ನು ಹೆಗಲಿಗೇರಿಸಿಕೊಂಡು ಹಿಮ್ಮುಖವಾಗಿ ಏರಿದ. ಚೋನಾಳ ಮೇಣದಬತ್ತಿ ಅಂಗಡಿಯೊಳಗೆ ಬೆನ್ನುಮೊದಲಾಗಿ ಪ್ರವೇಶಿಸಿ, ಬತ್ತಿಗಳ ಮೇಲೆ ಕೂತು, ಅವಳಿಂದ ಪೊರಕೆಯ ಆಶೀರ್ವಾದವನ್ನೂ ಪಡೆದ. ಮನುಷ್ಯ ದೇವರೆಡೆಗೆ ಎಷ್ಟು ದಾರಿಗಳಲ್ಲಿ ಹೋಗಬಲ್ಲನೋ ನಾನು ಬಲ್ಲವನಲ್ಲ. ನೋಡಿಕೊಂಡು ಹೋಗುವುದು ಒಳ್ಳೆಯದೆಂದು ಮಾತ್ರ ಅನ್ನಿಸಿತು.

ಹಬ್ಬ ಹತ್ತಿರವಾಯಿತು. ಯಾದಿರಾ ಕೊನೆಗೂ ಅವನ ಎರಡೂ ಕಾಲುಗಳನ್ನು ಒತ್ತಿ, ಎಳೆದು, ಅವನನ್ನು ಒಂಟಿ ಕಾಲಲ್ಲಿ ಕುಪ್ಪಳಿಸಲು ಹೇಳಿ ನೋಡಿ ತಲೆಯಾಡಿಸಿದಳು. “ಓಡಿ. ಮಾತಾಡ್ಕೊಂಡು ಓಡೋವಷ್ಟು ನಿಧಾನಕ್ಕೆ. ಮಾತು ನಿಂತ್ರೆ ಓಟ ನಿಲ್ಸಿ.” ಎಲಾದಿಯೋ ಮೇಜಿನ ಮೇಲೆಯೇ ಕೂತು ಮಗುವಿನಂತೆ ಅತ್ತ. ಈ ಸಲ ಅವಳು ಮಡಚಿರಲಿಲ್ಲ.

ಆ ಸಂತೋಷ ಭಾನುವಾರದವರೆಗೆ ಬಾಳಿತು. ಭಾನುವಾರ ಪೂಜೆಯಾದ ಮೇಲೆ ಹಬ್ಬದ ಯಜಮಾನ ದೋನ್ ಎವಾರಿಸ್ತೋ ಮೆಟ್ಟಿಲ ಮೇಲೆ ನಿಂತು ಕೈಯೆತ್ತಿದ.

“ಮಹಾಜನಗಳೇ, ಮುಂದಕ್ಕೆ ಓಡೋದು ಮೇಕೆಗೂ ಬರುತ್ತೆ. ನಮ್ಮೂರಲ್ಲಿ ಒಬ್ಬ ಭಕ್ತ ಹೊಸ ದಾರಿ ತೋರಿಸಿದಾನೆ. ಈ ಸಲ ಪಂಜು ಗುಡ್ಡ ಹತ್ತೋದು ಹಿಮ್ಮುಖವಾಗಿ! ಊರಿನ ಪರವಾಗಿ ಮಾತೆ ಮುಂದೆ ಮಾತು ಕೊಟ್ಟುಬಿಟ್ಟಿದೀನಿ. ಎಲಾದಿಯೋನೇ ಓಡ್ತಾನೆ.”

“ಅವನಿಗೆ ಆಗದಿದ್ರೆ ನಾನಿದೀನಿ” ಎಂದ ಫಿದೆನ್ಸಿಯೋ, ಪ್ರೀತಿಯಿಂದ.

ಎಲಾದಿಯೋ ಮರುದಿನವೇ ಬಸ್ಸು ಹತ್ತಿದ. “ಅಮ್ಮಾ, ಉರಿಯೋ ಪಂಜು ಹಿಡ್ಕೊಂಡು ಹಿಮ್ಮುಖವಾಗಿ ಗುಡ್ಡ ಓಡಬಹುದಾ?”

“ತಲೆ ನೆಟ್ಟಗಿದೆಯಾ ದೋನ್ ಎಲಾದಿಯೋ? ನಡೀರಿ ಅಂದಿದ್ದೆ, ಓಡಿ ಅಂದಿರ್ಲಿಲ್ಲ. ಹಾಗೆ ಬಿದ್ರೆ ಈ ಮಂಡಿ ಮತ್ತೆ ಓಡೋದಿಲ್ಲ, ಬರೆದಿಟ್ಕೊಳ್ಳಿ.”

ಹಿಮ್ಮುಖವಾಗಿ ಓಡಿದರೆ ಮಂಡಿ ಹೋಯಿತು. ಮುಮ್ಮುಖವಾಗಿ ಓಡಿದರೆ ಊರಿನ ಹರಕೆ ಮುರಿಯಿತು. ಓಡುವುದಿಲ್ಲವೆಂದರೆ ಅಪ್ಪನ ಪಂಜು ಭಾವನ ಪಾಲಾಯಿತು. ಅವನು ಸೀದಾ ಪಾದ್ರಿ ಆನ್ಸೆಲ್ಮೋ ಅವರ ಬಳಿಗೆ ಬಂದು ಪಾಪನಿವೇದನೆಗೆ ಕೂತ. ಒಳಗೆ ನಡೆದದ್ದನ್ನು ಅವನೇ ನನಗೆ ಹೇಳಿದ್ದು, ಬಹಳ ಕಾಲದ ಮೇಲೆ. ನಾನು ಆಗ ಕಂಡದ್ದು ಇಷ್ಟೇ: ಪಾಪನಿವೇದನೆಯ ಮರದ ಗೂಡು ಅಲುಗಾಡಿತು, ಪಾದ್ರಿಗಳು ಕರವಸ್ತ್ರವನ್ನು ಬಾಯೊಳಗೆ ತುರುಕಿಕೊಂಡು ಹೊರಬಂದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ನೋಡ್ದೇನೇ? ಗುರುಗಳೇ ತಡ್ಕೊಳ್ಳೋಕಾಗ್ದೆ ಅಳ್ತಿದಾರೆ. ಎಂಥ ಪಾಪವೋ!” ಎಂದಳು ಚೋನಾ.

“ಗುರುಗಳೇ, ಹಿಮ್ಮುಖದ ಪಂಜಿಗೆ ನಿಮ್ಮ ಅಪ್ಪಣೆ ತಾನೇ?” ಎಂದು ಎವಾರಿಸ್ತೋ ಅಡ್ಡ ಬಂದ.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಕೊಂದರೂ ಹೇಳುವಂತಿಲ್ಲ. ಪಾದ್ರಿಗಳು ಮುಖ ಕೆಂಪಗೆ ಮಾಡಿಕೊಂಡು, “ದೇವರು ಹೃದಯ ನೋಡ್ತಾನಪ್ಪಾ, ಹಿಮ್ಮಡಿ ಅಲ್ಲ” ಎಂದಷ್ಟೇ ಹೇಳಿ ಒಳಗೋಡಿದರು. ಎಲಾದಿಯೋನಿಗೆ ಅವರು ಗೂಡಿನೊಳಗೆ ಹೇಳಿದ್ದು ಇನ್ನೂ ಚಿಕ್ಕದು: “ನಿಜ ಹೇಳು. ಸೋತರೂ ಹೇಳು.”

ಹಬ್ಬದ ಸಂಜೆ. ಕೆಳಗಿನ ಹಳ್ಳಿಯ ಓಟಗಾರ ಏದುಸಿರು ಬಿಡುತ್ತ ಬಂದು ಎಲಾದಿಯೋನ ಕೈಗೆ ಪಂಜು ಕೊಟ್ಟ. ಊರಿಗೆ ಊರೇ ಗುಡ್ಡದ ಬುಡದಲ್ಲಿ ಕಿಕ್ಕಿರಿದಿತ್ತು.

“ತಿರುಗು ಎಲಾದಿಯೋ, ತಿರುಗು!” ಎಂದು ಕೂಗಿದರು.

ಅವನು ತಿರುಗಲಿಲ್ಲ. ಪಂಜನ್ನು ಓತಿಲಿಯಾಳ ಕೈಗೆ ಕೊಟ್ಟು, ಬಗ್ಗಿ, ಷರಾಯಿಯನ್ನು ಮಂಡಿಯವರೆಗೆ ಮಡಚಿದ. ಕೊಯ್ದ ಗುರುತುಗಳು ಬೆಳಕಿನಲ್ಲಿ ಹೊಳೆದವು.

“ಇದು ಹರಕೆ ಅಲ್ಲ ಕಣ್ರಪ್ಪಾ. ಮದುವೇಲಿ ಎಗರಿ ಮಂಡಿ ಮುರ್ಕೊಂಡೆ. ಕೊಯ್ಸಿದೆ. ಆ ಹುಡುಗಿ ಕಾಲಿನ ಡಾಕ್ಟರಮ್ಮ. ಹಿಂದಕ್ಕೆ ನಡಿ ಅಂದ್ಲು, ನಡೆದೆ. ನಾನು ಯಾವ ಪಾಪಾನೂ ಮಾಡಿಲ್ಲ, ಭಕ್ತೀನೂ ಮಾಡಿಲ್ಲ. ಪಂಜು ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಈಗ ನೀವು ಕೊಟ್ರೆ ಮುಂದಕ್ಕೆ ಓಡ್ತೀನಿ. ಇಲ್ಲಾಂದ್ರೆ...” ಅವನು ಫಿದೆನ್ಸಿಯೋನ ಕಡೆ ನೋಡಿದ.

ಮುಂದಿದ್ದ ಹೆಂಗಸರು ಬಗ್ಗಿ ಆ ಗುರುತುಗಳನ್ನು ನೋಡಿದರು.

“ಹಂಗಾದ್ರೆ ಉಳಿ ಹಾಕಿದ್ದು ಕಲ್ಲಿಗಲ್ಲ, ಕಾಲಿಗೆ!” ಎಂದಳು ಪೆತ್ರೋನಿಲಾ.

ಫಿದೆನ್ಸಿಯೋ ಮುಂದೆ ಬಂದ. ವರ್ಷಗಟ್ಟಲೆ ಕಾದ ಪಂಜು ಕೈಯಳತೆಯಲ್ಲಿತ್ತು. ಅವನು ಪಂಜನ್ನು ನೋಡಲಿಲ್ಲ, ಮಂಡಿಯನ್ನು ನೋಡಿದ. “ಭಾವಾ, ನನ್ನ ಮಗಳ ಮದುವೇಲಾ ಇದು?”

“ಹೂಂ.”

“ಮುರಿದ ಕಾಲಲ್ಲಿ ಹಾಡು ಮುಗಿಯೋವರೆಗೂ ಕುಣಿದ್ಯಾ? ಆಮೇಲೆ ನಾನು... ಆ ಹುಡುಗಿ ವಿಷಯ ಊರೆಲ್ಲ...” ತನ್ನ ಬಾಯಿಗೆ ತಾನೇ ಒಂದು ಏಟು ಹಾಕಿಕೊಂಡ. “ಥೂ ನನ್ನ ಬಾಯಿಗೆ! ತಂಗೀ, ಪಂಜು ಅವನಿಗೆ ಕೊಡು. ನಾನು ಹಿಂದೆ ಇರ್ತೀನಿ. ಭಾವಾ, ಜಾರಿದ್ರೆ ನನ್ನ ಮೇಲೆ ಬೀಳು.”

“ಅದೆಲ್ಲ ಸರಿ, ಹಿಮ್ಮುಖವಾಗಿ ಬರ್ತೀವಿ ಅಂತ ಮಾತೆಗೆ ಕೊಟ್ಟ ಮಾತು? ಕೊಟ್ಟೋನು ನಾನು, ಕೊನೆಗೆ ಏಟು ನಂಗೇ ಬೀಳೋದು!” ಎಂದು ಎವಾರಿಸ್ತೋ ಕೈಕೈ ಹಿಸುಕಿಕೊಂಡ.

ಚೋನಾ ಅವನನ್ನು ಪಕ್ಕಕ್ಕೆ ಸರಿಸಿದಳು. “ಮಾತು ಕೊಟ್ಟಿದ್ದು ಅವನ ಮಂಡಿಯಲ್ವಲ್ಲ ದೋನ್ ಎವಾರಿಸ್ತೋ, ಊರು. ಅವನು ಮುಂದಕ್ಕೆ ಓಡ್ಲಿ. ಹಿಂದಕ್ಕೆ ನಾವು ನಡೆಯೋಣ. ಏಳ್ರೇ, ತಿರುಗ್ರೇ!”

ಊರು ತಿರುಗಿತು. ಎಲಾದಿಯೋನ ಮುಂದೆ ಗುಡ್ಡದ ತುಂಬ ನಿಂತು, ಅವನ ಕಡೆ ಮುಖ ಮಾಡಿ, ಇಗರ್ಜಿಗೆ ಬೆನ್ನು ಕೊಟ್ಟು, ಹಿಂದೆ ಹಿಂದೆ ಏರತೊಡಗಿತು. ಮುದುಕಿಯರು, ಬಸುರಿಯರು, ಟರ್ಕಿ ಕೋಳಿ ಅವುಚಿಕೊಂಡ ಪೆತ್ರೋನಿಲಾ. ಹಾಗೆ ನಡೆಯುವವರನ್ನು ದಾಟಿ ಯಾರು ತಾನೇ ವೇಗವಾಗಿ ಓಡಬಲ್ಲರು? ಅವನು ಮಾತಾಡಿಕೊಂಡೇ ಓಡಿದ. “ದೋನ್ಯಾ ಚೋನಾ, ಹಿಂದೆ ಕಲ್ಲಿದೆ... ಪೆತ್ರೋನಿಲಕ್ಕಾ, ಎಡಕ್ಕೆ ಬಾ...” ನಮ್ಮೂರಿನ ಇತಿಹಾಸದಲ್ಲಿ ಅಷ್ಟು ನಿಧಾನವಾಗಿ ಪಂಜು ಬಂದದ್ದಿಲ್ಲ. ಇಗರ್ಜಿಯ ಬಾಗಿಲಲ್ಲಿ ಪಂಜಿಗೆಂದು ಕೈಚಾಚಿ ನಿಂತಿದ್ದ ಪಾದ್ರಿಗಳ ತೋಳಿಗೆ ಮೊದಲು ಬಂದು ಬಿದ್ದದ್ದು ಎವಾರಿಸ್ತೋನ ಬೆನ್ನು.

ಇಷ್ಟು ವರ್ಷ ಪಂಜು ಹಿಡಿದು ಓಡುವಾಗ ತನಗೆ ಕಂಡದ್ದು ಇಗರ್ಜಿಯ ಬಾಗಿಲೊಂದೇ ಎಂದು ಎಲಾದಿಯೋ ಆಮೇಲೆ ನನಗೆ ಹೇಳಿದ. ಆ ಸಂಜೆ ಬಾಗಿಲು ಕಾಣಲೇ ಇಲ್ಲವಂತೆ. ಬೆಳಕು ಬಿದ್ದಲ್ಲೆಲ್ಲ ಮುಖಗಳು, ಅವನನ್ನೇ ನೋಡುತ್ತ, ಅವನ ಬೆಳಕಿನಲ್ಲಿಯೇ ದಾರಿ ಹುಡುಕುತ್ತ. ಎಲ್ಲಕ್ಕಿಂತ ಹತ್ತಿರ ಓತಿಲಿಯಾ. ಅವಳು ಪಂಜನ್ನೂ ನೋಡುತ್ತಿರಲಿಲ್ಲ, ಗಂಡನ ಮುಖವನ್ನೂ ನೋಡುತ್ತಿರಲಿಲ್ಲ. ಹಿಂದಿನ ದಾರಿಯ ಪರಿವೆಯೇ ಇಲ್ಲದೆ, ತುಟಿ ಅಲುಗಿಸಿ ಜಪ ಮಾಡುತ್ತ, ಅವನ ಮಂಡಿಯನ್ನೇ ನೋಡಿಕೊಂಡು ಗುಡ್ಡ ಹತ್ತುತ್ತಿದ್ದಳು.